ಸೋತ ಫೈನಲ್‌ನ ‘ಟರ್ನಿಂಗ್ ಪಾಯಿಂಟ್’ ಯಾವುದು? ಹನ್ನೆರಡು ಸೆಕೆಂಡಿನ ವಿಡಿಯೋ ಹೇಳದ ಸಂಗತಿಗಳು

ಬೆಂಗಳೂರು ಎಫ್‌ಸಿ ಒಂದು ಫೈನಲ್ ಸೋತರೆ ಸಾಕು, ಅರ್ಧ ಗಂಟೆಯೊಳಗೆ ವಾಟ್ಸಾಪ್ ಗುಂಪಿಗೆ ಒಂದು ತುಣುಕು ವಿಡಿಯೋ ಬಂದು ಬೀಳುತ್ತದೆ. ಹತ್ತು–ಹನ್ನೆರಡು ಸೆಕೆಂಡು ಉದ್ದ. ಆಟಗಾರನ ಕಾಲಿನ ಸುತ್ತ ಕೆಂಪು ವೃತ್ತ, ಜೊತೆಗೆ ಒಂದು ಬಾಣದ ಗುರುತು. ಕೆಳಗೆ ಬರಹ: “ಸೋಲಿಗೆ ಇದೇ ಕಾರಣ. ನಿಜವಾದ ಅಭಿಮಾನಿಯಾಗಿದ್ದರೆ ಎಲ್ಲರಿಗೂ ಕಳಿಸಿ.”

ಮರುದಿನ ಬೆಳಿಗ್ಗೆ ಕೊಪ್ಪಳದ ಬಸ್ ನಿಲ್ದಾಣದಲ್ಲಿ, ಗಂಗಾವತಿಯ ಚಹಾದಂಗಡಿಯಲ್ಲಿ, ಕುಷ್ಟಗಿ–ಯಲಬುರ್ಗಾದ ಕಾಲೇಜು ಹುಡುಗರ ನಡುವೆ ಅದೇ ವಾದ ಮುಂದುವರಿಯುತ್ತದೆ. “ರೆಫ್ರಿ ಆ ಪೆನಾಲ್ಟಿ ಕೊಡಲಿಲ್ಲಂದ್ರ ಕಪ್ ನಮ್ದ ಇತ್ತು ನೋಡ್ರಿ ಅಣ್ಣಾರ” ಎಂದು ಒಬ್ಬ. “ಬಿಡೋ ತಮ್ಮಾ, ರೆಫ್ರಿ ಏನ್ ಮಾಡ್ತಾನ? ಒದಿಯಾಕ ಬರದವ್ರನ್ನ ಮುಂದ ಕಳಿಸಿದ್ದ ತಪ್ಪು” ಎಂದು ಇನ್ನೊಬ್ಬ.

ತಂಡದ ಹೆಸರಿನಲ್ಲಿ ಬೆಂಗಳೂರು ಇದ್ದರೂ ನಮ್ಮ ಭಾಗಕ್ಕೆ ಅದು ದೂರದ ತಂಡವಲ್ಲ. 2013ರಲ್ಲಿ ಈ ಕ್ಲಬ್ ಕಟ್ಟಿದ ಜೆಎಸ್‌ಡಬ್ಲ್ಯು ಸಮೂಹದ ಉಕ್ಕಿನ ಕಾರ್ಖಾನೆ ಇರುವುದು ಹೊಸಪೇಟೆ ದಾಟಿದರೆ ಸಿಗುವ ತೋರಣಗಲ್ಲಿನಲ್ಲಿ. ಅದೇ ಸಮೂಹದ ಕ್ರೀಡಾ ತರಬೇತಿ ಸಂಸ್ಥೆಯೂ ಅಲ್ಲೇ ಇದೆ. ಹಾಗಾಗಿ ಸೋಲು ನಮಗೂ ತಟ್ಟುತ್ತದೆ, ವಾದವೂ ನಮ್ಮದೇ.

ಆದರೆ ಒಂದು ಪಂದ್ಯವನ್ನು ನಿಜಕ್ಕೂ ‘ಆ ಒಂದು ಕ್ಷಣ’ ಸೋಲಿಸುತ್ತದೆಯೇ? ಈ ಬಗ್ಗೆ ಹರಿದಾಡುವ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಚುಟುಕಾಗಿ ಹೇಳುವುದಾದರೆ

• ಕೆಲವು ಕ್ಷಣಗಳು ಗೆಲುವಿನ ಸಾಧ್ಯತೆಯನ್ನು ದೊಡ್ಡದಾಗಿ ಬದಲಿಸುವುದು ನಿಜ. ಆದರೆ ಒಂದೇ ಪಂದ್ಯದಲ್ಲಿ ಅಂಥವು ಹಲವಾರು ಇರುತ್ತವೆ.
• ಯಾವುದನ್ನು ‘ಟರ್ನಿಂಗ್ ಪಾಯಿಂಟ್’ ಎಂದು ಕರೆಯುತ್ತೇವೆ ಎಂಬುದು ಫಲಿತಾಂಶ ತಿಳಿದ ಮೇಲೆ ನಮ್ಮ ಮನಸ್ಸು ಮಾಡುವ ಆಯ್ಕೆ.
• ನಿಧಾನಗತಿಯ ವಿಡಿಯೋ ಸತ್ಯವನ್ನು ಸ್ಪಷ್ಟಪಡಿಸುವುದರ ಜೊತೆಗೆ ನಮ್ಮನ್ನು ದಾರಿ ತಪ್ಪಿಸಲೂಬಹುದು.
• ಒಬ್ಬ ಆಟಗಾರ ಅಥವಾ ರೆಫರಿಯ ಮೇಲೆ ಪೂರ್ತಿ ಸೋಲು ಹೊರಿಸುವ ಫಾರ್ವರ್ಡ್‌ಗೆ ಆಧಾರ ಇರುವುದು ತೀರಾ ಅಪರೂಪ.

ಆ ರಾತ್ರಿ ನಡೆದದ್ದೇನು?

ಹೆಚ್ಚು ವಾದಕ್ಕೆ ಕಾರಣವಾದ ಪಂದ್ಯವನ್ನೇ ತೆಗೆದುಕೊಳ್ಳೋಣ. 2023ರ ಮಾರ್ಚ್ 18. ಗೋವಾದ ಫಟೋರ್ಡಾ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಎದುರಿಗೆ ಎಟಿಕೆ ಮೋಹನ್ ಬಾಗನ್.

ಪಂದ್ಯ ಶುರುವಾದ ಕೆಲವೇ ನಿಮಿಷಗಳಲ್ಲಿ ಬೆಂಗಳೂರಿನ ಯುವ ಮುಂಪಡೆ ಆಟಗಾರ ಶಿವಶಕ್ತಿ ನಾರಾಯಣನ್ ಗಾಯಗೊಂಡು ಹೊರನಡೆದರು. ಬದಲಿಯಾಗಿ ಸುನಿಲ್ ಛೆಟ್ರಿ ಬಂದರು. 14ನೇ ನಿಮಿಷದಲ್ಲಿ ರಾಯ್ ಕೃಷ್ಣ ಅವರ ಕೈಗೆ ಚೆಂಡು ತಗುಲಿದ್ದಕ್ಕೆ ಮೋಹನ್ ಬಾಗನ್‌ಗೆ ಪೆನಾಲ್ಟಿ ಸಿಕ್ಕಿತು. ದಿಮಿತ್ರಿ ಪೆಟ್ರಾಟೊಸ್ ಗೋಲು ಹೊಡೆದರು. ಮೊದಲಾರ್ಧದ ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೂ ಪೆನಾಲ್ಟಿ ಸಿಕ್ಕಿತು. ಛೆಟ್ರಿ ಸಮಬಲ ಮಾಡಿದರು. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ 2–1ರ ಮುನ್ನಡೆ ತಂದಿತು.

ಮುಂದಿನದೇ ವಾದದ ಮೂಲ. 85ನೇ ನಿಮಿಷದ ಹೊತ್ತಿಗೆ ಬೆಂಗಳೂರಿನ ಪ್ಯಾಬ್ಲೊ ಪೆರೆಜ್ ಅವರು ಕಿಯಾನ್ ನಸೀರಿಯನ್ನು ಪೆನಾಲ್ಟಿ ಆವರಣದ ಅಂಚಿನಲ್ಲಿ ಕೆಡವಿದರು. ರೆಫರಿ ಪೆನಾಲ್ಟಿ ಕೊಟ್ಟರು. ಪೆಟ್ರಾಟೊಸ್ ಮತ್ತೆ ಗೋಲು ಹೊಡೆದರು. 2–2. ಹೆಚ್ಚುವರಿ ಅರ್ಧ ಗಂಟೆಯಲ್ಲಿ ಗೋಲು ಬರಲಿಲ್ಲ. ಶೂಟೌಟ್‌ನಲ್ಲಿ ಬ್ರೂನೊ ರಮಿರೆಸ್ ಒದ್ದ ಚೆಂಡನ್ನು ಗೋಲ್‌ಕೀಪರ್ ವಿಶಾಲ್ ಕೈತ್ ತಡೆದರು. ಪೆರೆಜ್ ಒದ್ದದ್ದು ಗೋಲುಕಂಬದ ಮೇಲಿಂದ ಹಾರಿಹೋಯಿತು. ಮೋಹನ್ ಬಾಗನ್ 4–3ರಿಂದ ಗೆದ್ದಿತು.

ಆ ಪಂದ್ಯದಲ್ಲಿ ವಿಎಆರ್, ಅಂದರೆ ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, ಇರಲಿಲ್ಲ. ಐಎಸ್‌ಎಲ್‌ಗೆ ಅದು ಬೇಕೇ ಬೇಕು ಎಂದು ಕ್ಲಬ್‌ನ ಮಾಲೀಕ ಪಾರ್ಥ್ ಜಿಂದಾಲ್ ಸೋಲಿನ ಬೆನ್ನಲ್ಲೇ ಬಹಿರಂಗವಾಗಿ ಒತ್ತಾಯಿಸಿದರು.

ಮಾತು 1: “85ನೇ ನಿಮಿಷದ ಪೆನಾಲ್ಟಿಯಿಂದಲೇ ಪಂದ್ಯ ಹೋಯಿತು”

ಅರ್ಧ ನಿಜ.

ಇದನ್ನು ಒಂದು ಲೆಕ್ಕದಿಂದ ನೋಡಬಹುದು. ಇದು ನಾವು ಅಂದಾಜಿಗೆ ಹಾಕಿದ ಲೆಕ್ಕ, ಆ ಪಂದ್ಯದ ಅಧಿಕೃತ ಅಂಕಿ ಅಲ್ಲ. ಐದಾರು ನಿಮಿಷ ಮಾತ್ರ ಉಳಿದಿರುವಾಗ ಒಂದು ಗೋಲಿನಿಂದ ಮುಂದಿರುವ ತಂಡ ಇಂಥ 100 ಪಂದ್ಯಗಳಲ್ಲಿ 90 ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. ಈಗ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಫುಟ್‌ಬಾಲ್‌ನಲ್ಲಿ ನಾಲ್ಕು ಪೆನಾಲ್ಟಿಗಳಲ್ಲಿ ಸುಮಾರು ಮೂರು ಗೋಲಾಗುತ್ತವೆ. ಅಂದರೆ 100ರಲ್ಲಿ 25 ಸಲ ಅದು ತಪ್ಪಿಹೋಗುತ್ತದೆ. ಆ 25ರಲ್ಲಿ 24 ಪಂದ್ಯ ನಮ್ಮವು ಎನ್ನೋಣ. ಉಳಿದ 75 ಸಲ ಪಂದ್ಯ ಸಮಬಲವಾಗುತ್ತದೆ, ಅಲ್ಲಿಂದ ಮುಂದೆ ಸರಿಸುಮಾರು ಅರ್ಧಕ್ಕರ್ಧ. ಅಂದರೆ ಇನ್ನೂ 37 ಪಂದ್ಯ ನಮ್ಮವು. ಒಟ್ಟು 61.

ರೆಫರಿಯ ಸೀಟಿ ಗೆಲುವಿನ ಸಾಧ್ಯತೆಯನ್ನು 90ರಿಂದ 61ಕ್ಕೆ ಇಳಿಸಿತು. ಇದು ಸಣ್ಣ ಇಳಿಕೆ ಅಲ್ಲ. ಆದರೆ ಗಮನಿಸಿ: ಸೀಟಿ ಊದಿದ ಮೇಲೂ ಕಪ್ ನಮ್ಮ ಕಡೆಗೇ ಸ್ವಲ್ಪ ವಾಲಿತ್ತು. ಗೋಲು ಬಿದ್ದ ಮೇಲೂ ಸಮಸಮ.

ಈಗ ಶೂಟೌಟ್‌ಗೆ ಬನ್ನಿ. ಎರಡೂ ತಂಡಗಳು ಮೊದಲ ಎರಡು ಕಿಕ್‌ಗಳಲ್ಲಿ ಗೋಲು ಹೊಡೆದಿವೆ, ಮೊದಲು ಒದೆಯುವ ತಂಡ ಮೂರನೇ ಕಿಕ್ ತಪ್ಪಿಸಿಕೊಂಡಿತು ಎಂದಿಟ್ಟುಕೊಳ್ಳಿ. ‘ನಾಲ್ಕಕ್ಕೆ ಮೂರು’ ಲೆಕ್ಕದಲ್ಲೇ ನೋಡಿದರೆ ಆ ತಂಡದ ಗೆಲುವಿನ ಸಾಧ್ಯತೆ 50ರಿಂದ ಸುಮಾರು 24ಕ್ಕೆ ಕುಸಿಯುತ್ತದೆ. ಅಂದರೆ ಶೂಟೌಟ್‌ನ ಒಂದೇ ಒಂದು ತಡೆ, ವಿವಾದದ ಆ ಸೀಟಿಯಷ್ಟೇ ಭಾರವಾದದ್ದು. 78ನೇ ನಿಮಿಷದ ಗೋಲು ಇದೇ ಬಗೆಯ ದೊಡ್ಡ ತಿರುವು, ಆದರೆ ನಮ್ಮ ಪರವಾಗಿ. ಅದನ್ನು ಯಾರೂ ಕೆಂಪು ವೃತ್ತ ಹಾಕಿ ಕಳಿಸುವುದಿಲ್ಲ.

ಒಂದೇ ಪಂದ್ಯದಲ್ಲಿ ಇಂಥ ತಿರುವು ಐದಾರು. ಅವುಗಳಲ್ಲಿ ಒಂದನ್ನು ಮಾತ್ರ ಎತ್ತಿ ‘ಇದೇ ಕಾರಣ’ ಎನ್ನುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಮಾತು 2: “ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಇದು ಗೆರೆಯ ಹೊರಗೆ”

ಮೊದಲು ನಿಯಮ ತಿಳಿದುಕೊಳ್ಳೋಣ. ಫುಟ್‌ಬಾಲ್ ನಿಯಮಗಳಲ್ಲಿ ಗೆರೆ ಯಾವ ಆವರಣದ್ದೋ ಆ ಆವರಣಕ್ಕೇ ಸೇರಿದ್ದು. ಅಂದರೆ ಪೆನಾಲ್ಟಿ ಆವರಣದ ಗೆರೆಯ ಮೇಲೆ ಫೌಲ್ ನಡೆದರೂ ಅದು ಪೆನಾಲ್ಟಿಯೇ. ಎರಡನೆಯದು, ಆಟಗಾರ ಎಲ್ಲಿ ಬಿದ್ದ ಎನ್ನುವುದು ಮುಖ್ಯವಲ್ಲ, ಫೌಲ್ ಎಲ್ಲಿ ಆಯಿತು ಎನ್ನುವುದು ಮುಖ್ಯ. ಹೊರಗೆ ಕಾಲು ತಗುಲಿ ಒಳಗೆ ಬಿದ್ದರೆ ಅದು ಫ್ರೀ ಕಿಕ್. ಮೂರನೆಯದು, ಹೊರಗೆ ಹಿಡಿದುಕೊಂಡ ಅಂಗಿಯನ್ನು ಒಳಗೆ ಬಂದ ಮೇಲೂ ಬಿಡದಿದ್ದರೆ ಅದು ಪೆನಾಲ್ಟಿ.

ಈ ಮೂರೂ ತಿಳಿಯದೆ ‘ನೋಡಿ, ಹೊರಗೆ’ ಅಥವಾ ‘ನೋಡಿ, ಒಳಗೆ’ ಎಂದು ಕಳಿಸಿದ ಚಿತ್ರಗಳೇ ಹೆಚ್ಚು. ಓರೆಯಾಗಿ ನಿಂತ ಒಂದೇ ಕ್ಯಾಮೆರಾದ ಸ್ಥಿರಚಿತ್ರದಲ್ಲಿ ಕಾಲು ಗೆರೆಗೆ ತಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಕಷ್ಟ. ಬಸ್ಸಿನ ಕಿಟಕಿಯಿಂದ ನೋಡಿದಾಗ ದೂರದ ಕಂಬ ಮನೆಗೆ ಅಂಟಿಕೊಂಡಂತೆ ಕಾಣುತ್ತದಲ್ಲ, ಅದೇ ಬಗೆಯ ಭ್ರಮೆ ಇಲ್ಲೂ ಆಗುತ್ತದೆ.

ನಿಧಾನಗತಿಯ ವಿಡಿಯೋಗೆ ಇನ್ನೊಂದು ತೊಡಕಿದೆ. ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಘಟನೆಯನ್ನು ನಿಧಾನಗತಿಯಲ್ಲಿ ನೋಡಿದವರು ‘ಬೇಕಂತಲೇ ಮಾಡಿದ’ ಎಂದು ಹೆಚ್ಚಾಗಿ ತೀರ್ಮಾನಿಸಿದರು. ನಿಧಾನವಾಗಿ ನೋಡುವಾಗ ಆತನಿಗೆ ಯೋಚಿಸಲು ಸಮಯವಿತ್ತು ಎಂದು ನಮಗೆ ಅನಿಸುತ್ತದೆ. ನಿಜದಲ್ಲಿ ಅವನಿಗಿದ್ದದ್ದು ಅರ್ಧ ಸೆಕೆಂಡು. ಯುರೋಪಿನ ಅನುಭವಿ ರೆಫರಿಗಳ ಮೇಲೆ ನಡೆದ 2018ರ ಅಧ್ಯಯನದಲ್ಲೂ, ಒಂದೇ ಫೌಲ್ ಅನ್ನು ನಿಧಾನಗತಿಯಲ್ಲಿ ತೋರಿಸಿದಾಗ ಅವರು ಹೆಚ್ಚು ಕಠಿಣ ಶಿಕ್ಷೆ ಸೂಚಿಸಿದರು.

ಹಾಗಾದರೆ ವಿಡಿಯೋ ಬೇಡವೇ? ಬೇಕು. ಫೌಲ್ ಎಲ್ಲಿ ನಡೆಯಿತು, ಚೆಂಡು ಗೆರೆ ದಾಟಿತೇ ಎಂಬಂಥ ಪ್ರಶ್ನೆಗಳಿಗೆ ವಿಡಿಯೋ ಒಳ್ಳೆಯ ಸಾಕ್ಷಿ. ‘ಉದ್ದೇಶಪೂರ್ವಕವೇ’ ಎಂಬ ಪ್ರಶ್ನೆಗೆ ಅದೊಂದೇ ಸಾಲದು. ವಿಎಆರ್ ಕೂಡ ಎಲ್ಲ ತೀರ್ಪುಗಳನ್ನೂ ಪರಿಶೀಲಿಸುವ ವ್ಯವಸ್ಥೆಯಲ್ಲ. 2018ರಲ್ಲಿ ನಿಯಮಪುಸ್ತಕ ಸೇರಿದಾಗ ಅದಕ್ಕೆ ಕೊಟ್ಟ ಕೆಲಸ ನಾಲ್ಕೇ ಬಗೆಯದು: ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ ತಪ್ಪು.

ಮಾತು 3: “ಇವರಿಗೆ ಒತ್ತಡ ತಡೆಯೋಕೆ ಆಗಲ್ಲ, ಪೆನಾಲ್ಟಿ ಒದೆಯೋಕೆ ಬರಲ್ಲ”

ಇದಕ್ಕೆ ಉತ್ತರ ಆ ಫೈನಲ್‌ಗೆ ಆರು ದಿನ ಹಿಂದಿನ ಪಂದ್ಯದಲ್ಲೇ ಇದೆ. 2023ರ ಮಾರ್ಚ್ 12ರಂದು ಇದೇ ಬೆಂಗಳೂರು ತಂಡ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್ ಅನ್ನು ಶೂಟೌಟ್‌ನಲ್ಲೇ ಗೆದ್ದಿತ್ತು, 9–8ರಿಂದ. ಒಂಬತ್ತು ಸಲ ಚೆಂಡನ್ನು ಬಲೆಗೆ ಸೇರಿಸಿದ್ದವರು ಒಂದೇ ವಾರದಲ್ಲಿ ಆಟ ಮರೆತುಬಿಟ್ಟರೇ?

ಇಲ್ಲ. ಇಲ್ಲಿ ಅದೃಷ್ಟದ ಪಾಲೂ ದೊಡ್ಡದು. ಪ್ರತಿ ಕಿಕ್ ಗೋಲಾಗುವ ಸಾಧ್ಯತೆ ನಾಲ್ಕಕ್ಕೆ ಮೂರು ಎಂದುಕೊಂಡರೆ, ಐದಕ್ಕೆ ಐದೂ ಗೋಲಾಗುವುದು ನಾಲ್ಕು ಶೂಟೌಟ್‌ಗಳಲ್ಲಿ ಒಂದಕ್ಕಿಂತಲೂ ಕಡಿಮೆ. ಅಂದರೆ ಯಾರಾದರೂ ಒಬ್ಬರು ತಪ್ಪುವುದೇ ಸಾಮಾನ್ಯ. ಅಂದು ತಪ್ಪಿದವರ ಹೆಸರು ಬ್ರೂನೊ ಮತ್ತು ಪೆರೆಜ್. ಇನ್ನೊಂದು ದಿನ ಬೇರೆ ಹೆಸರು.

ಒತ್ತಡವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ದೊಡ್ಡ ಪಂದ್ಯದ ಕೊನೆಯಲ್ಲಿ ದಣಿದ ಕಾಲಿನಿಂದ ಒದೆಯುವುದು ಕಷ್ಟವೇ. ಆದರೆ ಒಂದು ಕಿಕ್ ನೋಡಿ ಒಬ್ಬನ ಗುಂಡಿಗೆ ಅಳೆಯಲಾಗದು.

ಬೈಗುಳದ ಭಯ ಆಟವನ್ನೇ ಬದಲಿಸುತ್ತದೆ ಎನ್ನಲೂ ಒಂದು ಅಧ್ಯಯನವಿದೆ. ಇಸ್ರೇಲ್‌ನ ಸಂಶೋಧಕರು 286 ಪೆನಾಲ್ಟಿಗಳನ್ನು ಪರಿಶೀಲಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಚೆಂಡು ಗೋಲಿನ ನಡುಭಾಗಕ್ಕೆ ಬಂದದ್ದು 100ರಲ್ಲಿ ಸುಮಾರು 29 ಸಲ. ಆದರೆ ಗೋಲ್‌ಕೀಪರ್ ನಡುವೆಯೇ ನಿಂತದ್ದು ಬರೀ 6 ಸಲ. ನಿಂತಿದ್ದರೆ ಹೆಚ್ಚು ತಡೆಯಬಹುದಿತ್ತು. ಆದರೂ ಅವರು ಎಡಕ್ಕೋ ಬಲಕ್ಕೋ ಹಾರುತ್ತಾರೆ. ಸಂಶೋಧಕರ ವಿವರಣೆ ಹೀಗಿದೆ: ಹಾರಿ ತಪ್ಪಿದರೆ ‘ಪಾಪ, ಪ್ರಯತ್ನ ಪಟ್ಟ’ ಅನ್ನುತ್ತಾರೆ, ಸುಮ್ಮನೆ ನಿಂತು ತಪ್ಪಿದರೆ ‘ಕಂಬದ ಹಾಗೆ ನಿಂತಿದ್ದ’ ಅನ್ನುತ್ತಾರೆ. ಅಂದರೆ ಜನ ಏನೆಂದಾರು ಎಂಬ ಅಳುಕು ಆಟದ ತೀರ್ಮಾನದೊಳಗೇ ಬಂದು ಕೂತಿದೆ.

ಮಾತು 4: “ಅರ್ಧ ವಿರಾಮಕ್ಕೆ ಮುನ್ನ ಬಿದ್ದ ಗೋಲೇ ಕೊಂದಿತು”

ಇದು 2018ರ ಫೈನಲ್ ನೆನಪಿರುವವರ ಮಾತು. ಮಾರ್ಚ್ 17ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ, ತವರಿನ ಜನರೆದುರು ಪಂದ್ಯ. 9ನೇ ನಿಮಿಷದಲ್ಲೇ ಛೆಟ್ರಿ ಗೋಲು ಹೊಡೆದಿದ್ದರು. ಆಮೇಲೆ ಚೆನ್ನೈಯಿನ್ ಎಫ್‌ಸಿಯ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ಬಂದ ಚೆಂಡಿಗೆ ತಲೆ ಕೊಟ್ಟು 17 ಮತ್ತು 45ನೇ ನಿಮಿಷಗಳಲ್ಲಿ ಎರಡು ಗೋಲು ಹೊಡೆದರು. ಕೊನೆಗೆ ಚೆನ್ನೈಯಿನ್ 3–2ರಿಂದ ಗೆದ್ದಿತು. ‘45ನೇ ನಿಮಿಷದ ಗೋಲು ತಂಡದ ಮನಸ್ಸು ಮುರಿಯಿತು’ ಎಂಬುದು ಅಂದಿನ ವಾದ.

ವಿರಾಮಕ್ಕೆ ಮುನ್ನ ಬೀಳುವ ಗೋಲಿಗೆ ವಿಶೇಷ ಶಕ್ತಿ ಇದೆ ಎಂಬುದು ವೀಕ್ಷಕ ವಿವರಣೆಗಾರರೂ ಹೇಳುವ ಮಾತು. ಬೆಲ್ಜಿಯಂನ ಸಂಶೋಧಕರು ಯುರೋಪಿನ ದೊಡ್ಡ ಕ್ಲಬ್ ಟೂರ್ನಿಗಳ ಸಾವಿರಕ್ಕೂ ಹೆಚ್ಚು ಪಂದ್ಯಗಳನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸಿ 2018ರಲ್ಲೇ ಪ್ರಕಟಿಸಿದರು. ಆ ಹೊತ್ತಿನ ಗೋಲಿನಿಂದ ಹೊಡೆದ ತಂಡಕ್ಕೆ ಹೆಚ್ಚುವರಿ ಲಾಭ ಸಿಗುತ್ತದೆ ಎನ್ನಲು ಅವರಿಗೆ ಆಧಾರ ಸಿಗಲಿಲ್ಲ. ಗೋಲು ಗೋಲೇ, ಗಡಿಯಾರ ಎಷ್ಟು ತೋರಿಸಿದರೂ.

ಇದರ ಇನ್ನೊಂದು ಮುಖ ನೋಡಿ. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು ಮುಂಬೈನಲ್ಲಿ ಬೆಂಗಳೂರು ತಂಡ ಎಫ್‌ಸಿ ಗೋವಾವನ್ನು 1–0ರಿಂದ ಸೋಲಿಸಿ ಚಾಂಪಿಯನ್ ಆಯಿತು. ಗೋಲು ಬಂದದ್ದು ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ. ಅದೂ ಕಾರ್ನರ್‌ನಿಂದಲೇ, ರಾಹುಲ್ ಭೆಕೆ ಅವರ ತಲೆಯಿಂದ. ಒಂದು ವರ್ಷ ನಮ್ಮನ್ನು ಸೋಲಿಸಿದ ದಾರಿಯೇ ಮರುವರ್ಷ ಗೆಲ್ಲಿಸಿತು. ಗೆದ್ದ ವರ್ಷ ಮಾತ್ರ ಎದುರಾಳಿ ತಪ್ಪಿಸಿಕೊಂಡ ಅವಕಾಶಗಳ ಪಟ್ಟಿ ಯಾರೂ ಮಾಡಲಿಲ್ಲ.

ನಮ್ಮ ಮನಸ್ಸು ಹೀಗೇಕೆ ಮಾಡುತ್ತದೆ?

ಮೂರು ಕಾರಣಗಳಿವೆ.

ಒಂದು: ಫಲಿತಾಂಶ ತಿಳಿದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಅನಿಸುತ್ತದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೊರಟಾಗ, ಏನೇನು ಆಗಬಹುದು ಎಂದು ವಿದ್ಯಾರ್ಥಿಗಳಿಂದ ಮೊದಲೇ ಅಂದಾಜು ಬರೆಸಿಕೊಂಡಿದ್ದರು. ಪ್ರವಾಸ ಮುಗಿದ ಮೇಲೆ ‘ನೀವು ಆಗ ಏನು ಬರೆದಿದ್ದಿರಿ’ ಎಂದು ಕೇಳಿದರು. ನಿಜವಾಗಿ ನಡೆದ ಘಟನೆಗಳಿಗೆ ತಾವು ಹೆಚ್ಚು ಸಾಧ್ಯತೆ ಕೊಟ್ಟಿದ್ದೆವು ಎಂದೇ ಬಹುಪಾಲು ಜನ ನೆನಪಿಸಿಕೊಂಡರು. ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ ಅವರ ಈ ಅಧ್ಯಯನಗಳು 1975ರಲ್ಲಿ ಪ್ರಕಟವಾದವು. ಮುಂದಿನ ಪಂದ್ಯಕ್ಕೆ ಮುನ್ನ ನಿಮ್ಮ ಗುಂಪಿನಲ್ಲೂ ಎಲ್ಲರಿಂದ ಅಂದಾಜು ಬರೆಸಿ ನೋಡಿ. ‘ನಾ ಅವತ್ತ ಹೇಳಿದ್ದೆ’ ಅನ್ನುವವರ ಸಂಖ್ಯೆ ತಕ್ಷಣ ಕಡಿಮೆಯಾಗುತ್ತದೆ.

ಎರಡು: ಅಭಿಮಾನಿಯ ಕಣ್ಣು ತನ್ನ ತಂಡದ ಕಡೆ. 1951ರ ನವೆಂಬರ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒರಟಾದ ಪಂದ್ಯವೊಂದು ನಡೆಯಿತು. ಆಟ ಅಮೆರಿಕನ್ ಫುಟ್‌ಬಾಲ್. ಅದರ ಚಿತ್ರಸುರುಳಿಯನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಡಾರ್ಟ್‌ಮತ್ ಎಷ್ಟು ಫೌಲ್ ಮಾಡಿತು ಎಣಿಸಿ ಎಂದರು. ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡದ್ದು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದರ ಎರಡು ಪಟ್ಟಿಗೂ ಹೆಚ್ಚು. ಸುರುಳಿ ಒಂದೇ, ಕಂಡ ಪಂದ್ಯ ಎರಡು. ಯಾರೂ ಸುಳ್ಳು ಹೇಳಿರಲಿಲ್ಲ. ಅಂದರೆ ಮೋಹನ್ ಬಾಗನ್ ಅಭಿಮಾನಿಗೆ ಅದೇ ಪೆನಾಲ್ಟಿ ನ್ಯಾಯವಾಗಿ ಕಂಡರೆ ಅವನು ಕಳ್ಳನಲ್ಲ.

ಮೂರು: ಕೊನೆಯ ಹೊತ್ತಿನ, ಕಣ್ಣಿಗೆ ಕಟ್ಟುವ, ‘ಹೀಗಾಗದಿದ್ದರೆ’ ಎಂದು ಸುಲಭವಾಗಿ ಕಲ್ಪಿಸಬಹುದಾದ ಘಟನೆಯೇ ಮನಸ್ಸಿಗೆ ಅಂಟುತ್ತದೆ. 2023ರ ಫೈನಲ್‌ನಲ್ಲಿ ಶಿವಶಕ್ತಿ ಮೊದಲ ನಿಮಿಷಗಳಲ್ಲೇ ಗಾಯಗೊಂಡದ್ದು ಪಂದ್ಯದ ಯೋಜನೆಯನ್ನೇ ಬದಲಿಸಿರಬಹುದು. ಆದರೆ ಅದು ವಾದಕ್ಕೆ ಬರುವುದೇ ಇಲ್ಲ. ಸದ್ದಿಲ್ಲದೆ ನಡೆದದ್ದಕ್ಕೆ ಕ್ಲಿಪ್ ಇರುವುದಿಲ್ಲ.

ಮಾತು 5: “ಎಲ್ಲಾ ಫಿಕ್ಸ್, ರೆಫರಿ ದುಡ್ಡು ತಿಂದಿದ್ದಾನೆ”

ಇದು ಎಲ್ಲಕ್ಕಿಂತ ಅಪಾಯಕಾರಿ ಫಾರ್ವರ್ಡ್. ತಪ್ಪು ತೀರ್ಪು ಬೇರೆ, ಮೋಸ ಬೇರೆ. ಮೊದಲನೆಯದಕ್ಕೆ ವಿಡಿಯೋ ಸಾಕ್ಷಿಯಾಗಬಹುದು. ಎರಡನೆಯದಕ್ಕೆ ಹಣದ ವ್ಯವಹಾರದ ದಾಖಲೆ, ತನಿಖೆ, ಅಧಿಕೃತ ತೀರ್ಮಾನ ಬೇಕು. ವೃತ್ತ ಹಾಕಿದ ಚಿತ್ರದಿಂದ ಮೋಸ ಸಾಬೀತಾಗದು.

ರೆಫರಿಗಳು ಪ್ರಭಾವಕ್ಕೆ ಒಳಗಾಗುವುದಿಲ್ಲವೇ? ಒಳಗಾಗುತ್ತಾರೆ, ಆದರೆ ಬಹುತೇಕ ತಮಗೇ ತಿಳಿಯದ ಹಾಗೆ. ಇಂಗ್ಲೆಂಡಿನ 40 ಅರ್ಹ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿದ 2002ರ ಅಧ್ಯಯನದಲ್ಲಿ, ಪ್ರೇಕ್ಷಕರ ಕೂಗಿನ ಜೊತೆ ನೋಡಿದವರು ಸದ್ದಿಲ್ಲದೆ ನೋಡಿದವರಿಗಿಂತ ತವರು ತಂಡದ ವಿರುದ್ಧ ಶೇ. 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ದುಡ್ಡಿಲ್ಲ, ಪಿತೂರಿಯಿಲ್ಲ. ಬರೀ ಗದ್ದಲ.

ನಿಯಮ ತಿಳಿಯದಿರುವುದೂ ‘ಮೋಸ’ದ ಮಾತಿಗೆ ಎಡೆ ಮಾಡಿಕೊಡುತ್ತದೆ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಛೆಟ್ರಿ ಹೆಚ್ಚುವರಿ ಸಮಯದಲ್ಲಿ ಫ್ರೀ ಕಿಕ್ ಅನ್ನು ಬೇಗನೆ ಒದ್ದು ಗೋಲು ಮಾಡಿದರು. ಎದುರಾಳಿಗಳು ಇನ್ನೂ ಸಾಲು ನಿಲ್ಲುತ್ತಿದ್ದರು. ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆಯಿತು. ಆಮೇಲೆ ಫುಟ್‌ಬಾಲ್ ಫೆಡರೇಷನ್‌ನಿಂದ 4 ಕೋಟಿ ರೂಪಾಯಿ ದಂಡ ಬಿತ್ತು. ನಿಯಮದ ಪ್ರಕಾರ, ರೆಫರಿ ‘ಸೀಟಿಗೆ ಕಾಯಿರಿ’ ಎಂದು ಸೂಚಿಸದಿದ್ದರೆ ಫ್ರೀ ಕಿಕ್ ಬೇಗ ತೆಗೆದುಕೊಳ್ಳಬಹುದು. ಅಂದಿನ ವಾದ ಇದ್ದದ್ದು ಅಂಥ ಸೂಚನೆ ಸಿಕ್ಕಿತ್ತೇ ಎಂಬುದರ ಮೇಲೆ. ಆ ರಾತ್ರಿ ಕೇರಳದ ಮೊಬೈಲ್‌ಗಳಲ್ಲಿ ‘ಬೆಂಗಳೂರಿನವರು ಮೋಸ ಮಾಡಿದರು’ ಎಂಬ ಕ್ಲಿಪ್ ಓಡಾಡಿದ್ದನ್ನು ನೆನಪಿಟ್ಟುಕೊಂಡರೆ, ಹದಿನೈದು ದಿನದ ಮೇಲೆ ನಮ್ಮ ಮೊಬೈಲ್‌ಗೆ ಬಂದ ಕ್ಲಿಪ್ಪಿಗೂ ಸ್ವಲ್ಪ ಅನುಮಾನ ಹುಟ್ಟೀತು.

ಹಾಗಾದರೆ ‘ಟರ್ನಿಂಗ್ ಪಾಯಿಂಟ್’ ಎಂಬುದೇ ಸುಳ್ಳೇ?

ಅಲ್ಲ. ನಮ್ಮದೇ ಜಿಲ್ಲೆಯ ಉದಾಹರಣೆಯಿಂದ ಹೇಳುವುದಾದರೆ, 2024ರ ಆಗಸ್ಟ್ 10ರ ರಾತ್ರಿ ಮುನಿರಾಬಾದ್ ಬಳಿಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ‘ಚೈನ್ ಕಡಿಯಿತು, ನೀರು ಹೋಯಿತು’ ಎಂಬುದು ನಿಜ. ಆದರೆ ಅಷ್ಟಕ್ಕೇ ನಿಂತರೆ ಪಾಠ ಸಿಗದು. ಏಳು ದಶಕ ಹಳೆಯ ಗೇಟುಗಳು, ತುಂಬಿ ನಿಂತ ನೀರಿನ ಒತ್ತಡ, ನಿರ್ವಹಣೆ — ಇವೆಲ್ಲ ಸೇರಿದ ಮೇಲೆ ಕಡಿಯುವುದು ಒಂದು ಕೊಂಡಿ. ಉಳಿದ 32 ಗೇಟುಗಳ ಸ್ಥಿತಿ ಕೇಳದೆ ಆ ಒಂದು ಕೊಂಡಿಯನ್ನಷ್ಟೇ ಬೈದರೆ ಏನು ಪ್ರಯೋಜನ?

ಪಂದ್ಯವೂ ಹಾಗೇ. ಕಡಿದ ಕ್ಷಣ ಒಂದು, ಕಡಿಯುವಂತೆ ಮಾಡಿದವು ಹಲವು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ನಡೆದ ಫೈನಲ್‌ನಲ್ಲೂ ಬೆಂಗಳೂರು ಮೋಹನ್ ಬಾಗನ್ ಎದುರು 1–0ರಿಂದ ಮುಂದಿತ್ತು. 72ನೇ ನಿಮಿಷದಲ್ಲಿ ಹ್ಯಾಂಡ್‌ಬಾಲ್‌ಗೆ ಸಿಕ್ಕ ಪೆನಾಲ್ಟಿಯನ್ನು ಜೇಸನ್ ಕಮಿಂಗ್ಸ್ ಗೋಲಾಗಿಸಿದರು, 96ನೇ ನಿಮಿಷದಲ್ಲಿ ಜೇಮಿ ಮೆಕ್ಲಾರೆನ್ ಗೆಲುವಿನ ಗೋಲು ಹೊಡೆದರು. ‘ಹ್ಯಾಂಡ್‌ಬಾಲ್ ಇಲ್ಲದಿದ್ದರೆ’ ಎಂಬ ವಾದ ಮತ್ತೆ ಶುರು. ಆದರೆ ಬೆಂಗಳೂರಿನ ಆ ಒಂದು ಗೋಲು ಎದುರಾಳಿ ಆಟಗಾರನೇ ತನ್ನ ಗೋಲಿಗೆ ಹೊಡೆದುಕೊಂಡದ್ದು. ‘ಅದಿಲ್ಲದಿದ್ದರೆ’ ಎಂದು ಕೇಳುವವರು ಆ ಕಡೆಯೂ ಇರುತ್ತಾರೆ. 2023 ಮತ್ತು 2025, ಎರಡೂ ಫೈನಲ್‌ಗಳನ್ನು ಜೋಡಿಸಿ ನೋಡಿದರೆ ಉಪಯುಕ್ತ ಪ್ರಶ್ನೆ ಬೇರೆಯೇ ಇದೆ: ಮುನ್ನಡೆ ಸಿಕ್ಕ ಮೇಲೆ ನಮ್ಮ ತಂಡ ಚೆಂಡನ್ನು ನಮ್ಮ ಪೆನಾಲ್ಟಿ ಆವರಣದ ಬಳಿಗೆ ಅಷ್ಟು ಸಲ ಯಾಕೆ ಬರಗೊಟ್ಟಿತು?

ಈ ವಾದದಿಂದ ಯಾರಿಗೆ ಪೆಟ್ಟು?

1994ರ ವಿಶ್ವಕಪ್‌ನಲ್ಲಿ ಕೊಲಂಬಿಯಾದ ಆಂದ್ರೆಸ್ ಎಸ್ಕೊಬಾರ್ ಜೂನ್ 22ರಂದು ಅಮೆರಿಕ ವಿರುದ್ಧ ತಮ್ಮದೇ ಗೋಲಿಗೆ ಚೆಂಡು ಹೊಡೆದುಕೊಂಡರು. ತಂಡ 2–1ರಿಂದ ಸೋತಿತು, ಟೂರ್ನಿಯಿಂದಲೂ ಹೊರಬಿತ್ತು. ಜುಲೈ 2ರಂದು ತಮ್ಮ ಊರು ಮೆಡೆಯಿನ್‌ನಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ವಯಸ್ಸು 27. ಆ ತಂಡ ಅದಕ್ಕೂ ಮೊದಲೇ ರೊಮೇನಿಯಾ ಎದುರು 3–1ರಿಂದ ಸೋತಿತ್ತು. ಅಮೆರಿಕದ ಎರಡನೇ ಗೋಲು ಎಸ್ಕೊಬಾರ್ ತಮ್ಮದೇ ಗೋಲಿಗೆ ಹೊಡೆದುಕೊಂಡದ್ದಲ್ಲ. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ಆ ಒಂದು ಕ್ಷಣವನ್ನು.

ಅಷ್ಟು ದೂರ ಹೋಗುವುದು ಬೇಡ. ನಮ್ಮ ತಾಲ್ಲೂಕು ಮೈದಾನದಲ್ಲಿ ನಡೆಯುವ ಪಂದ್ಯದಲ್ಲಿ ಹದಿನೈದರ ಹುಡುಗನೊಬ್ಬ ಪೆನಾಲ್ಟಿ ತಪ್ಪಿಸುತ್ತಾನೆ ಎಂದುಕೊಳ್ಳಿ. ಯಾರೋ ಅದನ್ನು ಚಿತ್ರೀಕರಿಸಿ, ನಗುವ ಎಮೋಜಿ ಹಾಕಿ ಊರ ಗುಂಪಿಗೆ ಬಿಡುತ್ತಾರೆ. ಮರುದಿನ ಶಾಲೆಯಲ್ಲಿ ಅವನ ಹೆಸರು ಹೋಗಿ ಅಡ್ಡಹೆಸರು ಬಂದಿರುತ್ತದೆ. ಆ ಪಂದ್ಯದಲ್ಲಿ ಉಳಿದ ಹತ್ತು ಮಂದಿಯೂ ಗೋಲು ಹೊಡೆದಿರಲಿಲ್ಲ ಎಂಬುದು ಯಾರಿಗೂ ನೆನಪಿರುವುದಿಲ್ಲ. ಅವನು ಮತ್ತೆ ಚೆಂಡಿನ ಹತ್ತಿರ ಬರದಿದ್ದರೆ ಸೋತದ್ದು ನಾವೆಲ್ಲ.

ನೋಡುವವರ ಆರೋಗ್ಯಕ್ಕೂ ಒಂದು ಮಾತು. 2006ರ ವಿಶ್ವಕಪ್ ವೇಳೆ ಜರ್ಮನಿಯ ಮ್ಯೂನಿಕ್ ಪ್ರದೇಶದಲ್ಲಿ ನಡೆದ ಅಧ್ಯಯನದ ಪ್ರಕಾರ, ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಸಾಮಾನ್ಯ ದಿನಗಳಿಗಿಂತ 2.66 ಪಟ್ಟು ಇದ್ದವು. ಮೊದಲೇ ಹೃದಯ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಮಾತ್ರೆ ತಪ್ಪಿಸಬೇಡಿ. ಎದೆನೋವು, ಬೆವರು, ಉಸಿರುಕಟ್ಟು ಕಂಡರೆ ‘ಪಂದ್ಯ ಮುಗೀಲಿ’ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಕ್ಲಿಪ್ ಬಂದಾಗ ಕೇಳಬೇಕಾದ ಐದು ಪ್ರಶ್ನೆಗಳು

1. ಇದರ ಹಿಂದಿನ ಹತ್ತು ಸೆಕೆಂಡು ಮತ್ತು ಮುಂದಿನ ಹತ್ತು ಸೆಕೆಂಡು ಎಲ್ಲಿವೆ?
2. ವಿಡಿಯೋ ನಿಜವೇಗದಲ್ಲಿದೆಯೇ, ನಿಧಾನಗೊಳಿಸಿದ್ದೇ?
3. ಈ ಸಂದರ್ಭಕ್ಕೆ ನಿಯಮ ಏನು ಹೇಳುತ್ತದೆ ಎಂದು ಕಳಿಸಿದವರಿಗೆ ಗೊತ್ತೇ?
4. ಇದೇ ಘಟನೆ ನಮ್ಮ ತಂಡದ ಪರವಾಗಿ ನಡೆದಿದ್ದರೂ ಹೀಗೇ ಹೇಳುತ್ತಿದ್ದೆವೇ?
5. ಇದನ್ನು ಕಳಿಸಿದರೆ ಯಾರೋ ಒಬ್ಬರ ಹೆಸರಿಗೆ ಮಸಿ ಬಳಿಯುತ್ತಿದ್ದೇವೆಯೇ?

ಐದರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಕಳಿಸುವುದನ್ನು ಅಲ್ಲೇ ನಿಲ್ಲಿಸುವುದು ಒಳ್ಳೆಯದು.

ನಮ್ಮ ತೀರ್ಮಾನ

“ಆ ಒಂದು ಕ್ಷಣದಿಂದಲೇ ನಮ್ಮ ತಂಡ ಸೋತಿತು” ಎಂಬ ಮಾತು ದಾರಿ ತಪ್ಪಿಸುವಂಥದ್ದು. ಆ ಕ್ಷಣ ನಡೆದದ್ದು ನಿಜ, ಅದರ ಪರಿಣಾಮವೂ ನಿಜ. ‘ಅದೊಂದರಿಂದಲೇ’ ಎಂಬುದು ಮಾತ್ರ ಸುಳ್ಳು.

ವಾದ ಮಾಡಬೇಡಿ ಎಂದು ನಾವು ಹೇಳುವುದಿಲ್ಲ. ಸೋತ ಮರುದಿನ ಚಹಾ ಕುಡಿಯುತ್ತಾ ‘ಹಿಂಗಾಗಿದ್ರ, ಹಂಗಾಗಿದ್ರ’ ಅನ್ನುವುದೂ ಆಟದ ಒಂದು ಸುಖವೇ. ಆ ವಾದ ಅಂಗಡಿಯ ಬೆಂಚಿನ ಮೇಲೆ ನಡೆಯಲಿ, ಅಲ್ಲಿ ಎದುರು ಮಾತಾಡುವವರಿರುತ್ತಾರೆ. ಹನ್ನೆರಡು ಸೆಕೆಂಡಿನ ಕ್ಲಿಪ್ಪಿಗೆ ಎದುರು ಮಾತಾಡುವವರಿಲ್ಲ, ಅದರಲ್ಲಿ ಕೆಂಪು ವೃತ್ತದೊಳಗೆ ನಿಂತವನಿಗೂ ಮಾತಾಡಲು ಅವಕಾಶವಿಲ್ಲ.